ಮಾಗಡಿ ಕೆರೆಯ ಹೆಬ್ಬಾತು, ಲಕ್ಕುಂಡಿಯ ಗುಡಿ: 30 ಸಾವಿರದೊಳಗೆ ಯಾವ ಕ್ಯಾಮೆರಾ?

ಲಕ್ಷ್ಮೇಶ್ವರದ ಟೀಚರ್

ಎಲ್ಲರಿಗೂ ನಮಸ್ಕಾರ. ಲಕ್ಷ್ಮೇಶ್ವರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಶಾಲೆಗೆ ಒಂದು ಕ್ಯಾಮೆರಾ ಬೇಕು. ಹಳೆಯ ವಿದ್ಯಾರ್ಥಿಗಳು 22 ಸಾವಿರ ಕೂಡಿಸಿದ್ದಾರೆ. ಮೇಲೆ ನಾನು 8 ಸಾವಿರ ಹಾಕುತ್ತೇನೆ. ಒಟ್ಟು 30 ಸಾವಿರ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಆಗುವುದಿಲ್ಲ.

ಯಾಕೆ ಬೇಕು ಅಂತ ಹೇಳುತ್ತೇನೆ. ಪ್ರತಿ ವರ್ಷ ನವೆಂಬರ್ ಬಂದರೆ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ. ಕೆರೆ ನಮ್ಮ ಮಕ್ಕಳ ಮನೆ ಬಾಗಿಲಲ್ಲೇ ಇದೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೂ ನಮ್ಮ ತರಗತಿಯ ಅರ್ಧ ಮಕ್ಕಳು ಆ ಹಕ್ಕಿಯ ತಲೆ ಮೇಲಿನ ಎರಡು ಕಪ್ಪು ಪಟ್ಟೆ ನೋಡಿಯೇ ಇಲ್ಲ. ದಂಡೆ ಮೇಲೆ ನಿಂತರೆ ಕಾಣುವುದು ಬರೀ ಬೂದು ಚುಕ್ಕೆ. ಕಳೆದ ವರ್ಷ ನನ್ನ ಮೊಬೈಲಿನಲ್ಲಿ ತೆಗೆದೆ. ದೊಡ್ಡದು ಮಾಡಿ ತೋರಿಸಿದರೆ ಒಬ್ಬ ಹುಡುಗ "ಇದು ಕಲ್ಲೇನ್ರಿ ಟೀಚರ್" ಅಂದ.

ಇನ್ನೊಂದು ಆಸೆ. ಕೆಲವು ಹೆಬ್ಬಾತುಗಳ ಕೊರಳಿಗೆ ಅಕ್ಷರ, ಅಂಕಿ ಬರೆದ ಪಟ್ಟಿ ಹಾಕಿರುತ್ತಾರೆ. ಅದನ್ನು ಓದಿದರೆ ಹಕ್ಕಿ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಅದನ್ನು ನಮ್ಮ ಮಕ್ಕಳೇ ಓದಬೇಕು. ಜತೆಗೆ ಲಕ್ಕುಂಡಿ, ಡಂಬಳಕ್ಕೆ ಕರೆದುಕೊಂಡು ಹೋದಾಗ ಗುಡಿಯ ಕೆತ್ತನೆ ತೆಗೆಯುವಂತೆಯೂ ಇರಬೇಕು.

ಡಿಎಸ್‌ಎಲ್‌ಆರ್, ಮಿರರ್‌ಲೆಸ್ ಅಂತ ಓದಿ ಓದಿ ತಲೆ ಗಿರ್ ಅಂದಿದೆ. ಮೊದಲನೆಯದರೊಳಗೆ ಕನ್ನಡಿ ಇರುತ್ತದೆ, ಎರಡನೆಯದರಲ್ಲಿ ಇಲ್ಲ, ಅಷ್ಟೇ ತಿಳಿದದ್ದು. ದಯವಿಟ್ಟು ತಿಳಿದವರು ಹೇಳಿ.

ಗದಗ ಬೆಟಗೇರಿ ಹುಡುಗ

ಟೀಚರ್, ಈಗ 108 ಮೆಗಾಪಿಕ್ಸೆಲ್ ಮೊಬೈಲ್ 20 ಸಾವಿರಕ್ಕೇ ಸಿಗುತ್ತದೆ. ಕ್ಯಾಮೆರಾ 16, 24 ಮೆಗಾಪಿಕ್ಸೆಲ್ ಅಷ್ಟೇ. ಮೊಬೈಲೇ ಸಾಕಲ್ವಾ? ವಾಟ್ಸಾಪಿಗೂ ಕೂಡಲೇ ಕಳಿಸಬಹುದು.

ದುರ್ಗದಬೈಲ್ ಸ್ಟುಡಿಯೋ

ತಮ್ಮಾ, ಮೆಗಾಪಿಕ್ಸೆಲ್ ಲೆಕ್ಕ ಹಿಡಿದು ಹೋಗಬೇಡ. ಪಿಕ್ಸೆಲ್ ಅಂದರೆ ಚಿತ್ರದ ಒಂದು ಚುಕ್ಕೆ, ಹತ್ತು ಲಕ್ಷ ಚುಕ್ಕೆ ಸೇರಿದರೆ ಒಂದು ಮೆಗಾಪಿಕ್ಸೆಲ್. ನಾನು ಹುಬ್ಬಳ್ಳಿಯಲ್ಲಿ 19 ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. 4 ಇಂಚು 6 ಇಂಚಿನ ಪ್ರಿಂಟಿಗೆ 2 ಮೆಗಾಪಿಕ್ಸೆಲ್ ಸಾಕು. ಇಂಚಿಗೆ 300 ಚುಕ್ಕೆ ಅಂತ ಗುಣಿಸಿ ನೋಡು, 1200 ಇಂಟು 1800, ಅಷ್ಟೇ ಬರುತ್ತದೆ. 12 ಇಂಟು 18 ದೊಡ್ಡ ಪ್ರಿಂಟಿಗೂ 20 ಸಾಕು. ಆ 108ರ ಮೊಬೈಲು ಸಾಮಾನ್ಯವಾಗಿ ಒಂಬತ್ತು ಪಿಕ್ಸೆಲ್ ಸೇರಿಸಿ ಒಂದು ಮಾಡಿ 12 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ.

ಟೀಚರ್, ನನ್ನ ಮಾತು ಕೇಳಿ. ಸೆಕೆಂಡ್ ಹ್ಯಾಂಡ್ ಕ್ಯಾನನ್ 1500ಡಿ ಹಿಡಿಯಿರಿ. 2018ರ ಮಾಡೆಲ್, 24 ಮೆಗಾಪಿಕ್ಸೆಲ್. ಜತೆಗೆ 18-55 ಎಂಎಂ ಲೆನ್ಸು ಬರುತ್ತದೆ. ಈ ಅಂಕಿ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ. ಉಳಿದ ದುಡ್ಡಿನಲ್ಲಿ ಹಳೆಯ 55-250 ಲೆನ್ಸು ಹುಡುಕಿ. ಮುಂದೆ ದುಡ್ಡು ಬಂದಾಗ 50 ಎಂಎಂ ಎಫ್ 1.8 ಲೆನ್ಸು ಹಾಕಿಕೊಳ್ಳಿ. ಎಫ್ ಅಂಕಿ ಸಣ್ಣದಾದಷ್ಟು ಲೆನ್ಸಿನ ಬಾಯಿ ದೊಡ್ಡದು. ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯೊಳಗೆ ಎಷ್ಟು ಕತ್ತಲು ನಿಮಗೇ ಗೊತ್ತು. ಎಫ್ 5.6ಕ್ಕೆ ಹೋಲಿಸಿದರೆ ಎಫ್ 1.8ರಲ್ಲಿ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಬಾಡಿ, ಅಂದರೆ ಲೆನ್ಸು ಬಿಟ್ಟು ಉಳಿದ ಕ್ಯಾಮೆರಾ, ಇವತ್ತಲ್ಲ ನಾಳೆ ಹಳೆಯದಾಗುತ್ತದೆ. ಒಳ್ಳೆಯ ಲೆನ್ಸು ಕೊಂಡರೆ ಅದು ಉಳಿಯುತ್ತದೆ.

ಕೆಲಗೇರಿ ದಂಡೆ

ಸ್ಟುಡಿಯೋದವರು ಹೇಳಿದ್ದು ಗುಡಿಗೆ, ಮದುವೆಗೆ, ಮಕ್ಕಳ ಗ್ಯಾದರಿಂಗಿಗೆ ನೂರಕ್ಕೆ ನೂರು ಸರಿ. ಹೆಬ್ಬಾತಿಗೆ ಸರಿ ಹೋಗುವುದಿಲ್ಲ.

ನಾನು ಧಾರವಾಡದವನು. ಬ್ಯಾಂಕಿನಿಂದ ರಿಟೈರ್ ಆದ ಮೇಲೆ ದಿನಾ ಬೆಳಿಗ್ಗೆ ಕೆಲಗೇರಿ ಕೆರೆ ಸುತ್ತುತ್ತೇನೆ. ಚಳಿಗಾಲದಲ್ಲಿ ಎರಡು ಮೂರು ಸಲ ಮಾಗಡಿಗೆ ಹೋಗುತ್ತೇನೆ. ಅಲ್ಲಿ ಹಕ್ಕಿ ದಂಡೆಯಿಂದ ದೂರವೇ ಇರುತ್ತವೆ. 200 ಮೀಟರ್ ಅಂತ ಇಟ್ಟುಕೊಳ್ಳಿ. ಹಕ್ಕಿಯ ಉದ್ದ ಸುಮಾರು 70 ಸೆಂಟಿಮೀಟರ್. ನಿನ್ನೆ ರಾತ್ರಿ ಕೂತು ಲೆಕ್ಕ ಹಾಕಿದೆ, ಈ ಹಕ್ಕಿ ಚಿತ್ರದಲ್ಲಿ ಎಷ್ಟು ದೊಡ್ಡದಾಗಿ ಬೀಳುತ್ತದೆ ಅಂತ.

ಮೊಬೈಲಿನ ಮಾಮೂಲಿ 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಹಕ್ಕಿಗೆ ಸಿಗುವುದು ಸುಮಾರು 9 ಪಿಕ್ಸೆಲ್. ಆ ಹುಡುಗ ಕಲ್ಲು ಅಂದಿದ್ದು ತಪ್ಪಲ್ಲ.

1500ಡಿಗೆ 250 ಎಂಎಂ ಹಾಕಿದರೆ ಸುಮಾರು 235 ಪಿಕ್ಸೆಲ್. ಇದು ಹೆಬ್ಬಾತು ಅಂತ ಖಂಡಿತ ಹೇಳಬಹುದು, ತಲೆ ಪಟ್ಟೆಯೂ ಕಾಣುತ್ತದೆ. ಆದರೆ ಕೊರಳಪಟ್ಟಿಯ ಅಕ್ಷರ 2 ಸೆಂಟಿಮೀಟರ್ ಎತ್ತರ ಅಂದರೆ ಅದಕ್ಕೆ ಬರೀ 6-7 ಪಿಕ್ಸೆಲ್. ಓದಲು ಆಗುವುದಿಲ್ಲ.

ನನ್ನ ಹತ್ತಿರ ಇರುವುದು ನಿಕಾನ್ ಕೂಲ್‌ಪಿಕ್ಸ್ ಪಿ900. 2015ರಲ್ಲಿ ಬಂದ ಬ್ರಿಜ್ ಕ್ಯಾಮೆರಾ. ಲೆನ್ಸು ಬಿಚ್ಚಲು ಬರುವುದಿಲ್ಲ, ಬಾಡಿಗೇ ಅಂಟಿಕೊಂಡಿದೆ. 83 ಪಟ್ಟು ಜೂಮ್. ಹಳೆಯ 35 ಎಂಎಂ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 24ರಿಂದ 2000 ಎಂಎಂ. ಅದೇ ಹಕ್ಕಿ ಇದರಲ್ಲಿ 930 ಪಿಕ್ಸೆಲ್ ಬರುತ್ತದೆ. ಅಕ್ಷರಕ್ಕೆ 25ರ ಮೇಲೆ. ಓದಬಹುದು. ನಾನು ಓದಿದ್ದೇನೆ.

ಟೀಚರ್, ಹಳೆಯ ಪಿ900 ಹುಡುಕಿ.

ದುರ್ಗದಬೈಲ್ ಸ್ಟುಡಿಯೋ

ಕಾಕಾರೇ, ನಿಮ್ಮ ಲೆಕ್ಕ ಒಪ್ಪುತ್ತೇನೆ. ಆದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಬಗ್ಗೆ ನೀವು ಹೇಳಲಿಲ್ಲ. ಪಿ900ರ ಸೆನ್ಸರ್ 6.17 ಇಂಟು 4.55 ಮಿಲಿಮೀಟರ್. ಕಿರುಬೆರಳಿನ ಉಗುರಿಗಿಂತ ಸಣ್ಣದು. 1500ಡಿಯದ್ದು 22.3 ಇಂಟು 14.9. ಹತ್ತಿರ ಹತ್ತಿರ ಹನ್ನೆರಡು ಪಟ್ಟು ದೊಡ್ಡದು. ಸೆನ್ಸರ್ ಅಂದರೆ ಮಳೆ ನೀರು ಹಿಡಿಯಲು ಅಂಗಳದಲ್ಲಿಟ್ಟ ಪಾತ್ರೆ ಇದ್ದಂತೆ. ಲೋಟ ಇಟ್ಟರೆ ಎಷ್ಟು ನೀರು, ಕೊಪ್ಪರಿಗೆ ಇಟ್ಟರೆ ಎಷ್ಟು? ಸಂಜೆ ಬೆಳಕಿನಲ್ಲಿ ಪಿ900 ಚಿತ್ರ ರವೆ ಚೆಲ್ಲಿದಂತೆ ಕಾಣುತ್ತದೆ. ಪೂರ್ತಿ ಜೂಮಿನಲ್ಲಿ ಅದು ಎಫ್ 6.5. ಆಮೇಲೆ ತಿದ್ದಲು ಅನುಕೂಲವಾದ ರಾ ಫೈಲೂ ಕೊಡುವುದಿಲ್ಲ. ಹಾರುವ ಹಕ್ಕಿಯನ್ನು ಅದರಲ್ಲಿ ಹಿಡಿಯುವುದು ಬಹಳ ಕಷ್ಟ.

ಕೆಲಗೇರಿ ದಂಡೆ

ಎಲ್ಲವೂ ನಿಜ. ಹಾರುವಾಗ ನಾನೂ ನೂರರಲ್ಲಿ ಐದು ಹಿಡಿಯುವುದಿಲ್ಲ. ಆದರೆ ಮಾಗಡಿಯ ಹೆಬ್ಬಾತು ಹಗಲು ಹೊತ್ತು ನೀರಿನ ಅಂಚಿನಲ್ಲಿ ಸುಮ್ನೆ ನಿಂತಿರುತ್ತದೆ. ಡಿಸೆಂಬರ್ ಬಿಸಿಲು ನಮ್ಮ ಕಡೆ ಎಷ್ಟು ಚೆನ್ನಾಗಿರುತ್ತದೆ. ಲೋಟವೂ ತುಂಬುವಷ್ಟು ಬೆಳಕು. ಕಾರ್ತಿಕದ ದೀಪದ ಬೆಳಕಿನಲ್ಲಿ ತೆಗೆಯಬೇಕು ಅಂದಿದ್ದರೆ ನಾನೇ ಬೇಡ ಅನ್ನುತ್ತಿದ್ದೆ.

ರಾಣೆಬೆನ್ನೂರು ಕಡೆಯವ

ನನ್ನ ಹತ್ತಿರ 1500ಡಿ ಮತ್ತು 55-250 ಎರಡೂ ಇವೆ. ನಮ್ಮ ರಾಣೆಬೆನ್ನೂರು ಕೃಷ್ಣಮೃಗ ಧಾಮಕ್ಕೆ ಅದೇ ಒಯ್ಯುತ್ತೇನೆ. ಈ ಕ್ಯಾನನ್ ಸೆನ್ಸರ್ ಫಿಲ್ಮಿಗಿಂತ ಸಣ್ಣದು, 1.6 ಪಟ್ಟು ಲೆಕ್ಕ ಇರುವುದರಿಂದ 250 ಅಂದರೆ ಫಿಲ್ಮ್ ಲೆಕ್ಕದಲ್ಲಿ 400 ಎಂಎಂ ಆದಂತೆ. ಜಿಂಕೆ ದೊಡ್ಡ ಪ್ರಾಣಿ, 60-70 ಮೀಟರಿನಲ್ಲಿ ನಿಂತರೆ ಬಹಳ ಚಂದ ಬರುತ್ತದೆ. ಗಂಡು ಮೃಗದ ಕೊಂಬಿನ ಸುರುಳಿ ಎಣಿಸಬಹುದು. ಆದರೆ ಕೆರೆಯ ಹಕ್ಕಿಗೆ ನನಗೂ ಸಾಲಲಿಲ್ಲ. ಬಂಕಾಪುರ ಕೋಟೆಯ ನವಿಲಿಗೆ ಸಾಕಾಯಿತು.

ಇನ್ನೊಂದು ಮಾತು. ಮಕ್ಕಳ ಕೈಗೆ ಕೊಡುತ್ತೀರಿ ಅಂತ ಹೇಳಿದಿರಿ. ಲೆನ್ಸು ಬದಲಾಯಿಸುವಾಗ ನಮ್ಮ ಎರೆ ಹೊಲದ ಧೂಳು ಸೆನ್ಸರ್ ಮೇಲೆ ಕೂರುತ್ತದೆ. ನನಗೆ ಎರಡು ಸಲ ಆಗಿದೆ. ಆಕಾಶದ ಚಿತ್ರದಲ್ಲೆಲ್ಲ ಕರಿ ಚುಕ್ಕೆ. ಶಾಲೆಗೆ ಲೆನ್ಸು ಬಿಚ್ಚದ ಕ್ಯಾಮೆರಾ ಒಳ್ಳೆಯದು ಅಂತ ನನಗೂ ಅನಿಸುತ್ತದೆ.

ಲಕ್ಷ್ಮೇಶ್ವರದ ಟೀಚರ್

ಎಲ್ಲರಿಗೂ ಧನ್ಯವಾದ. ಕಾಕಾರ ಪಿಕ್ಸೆಲ್ ಲೆಕ್ಕವನ್ನು ಇವತ್ತು ಒಂಬತ್ತನೇ ತರಗತಿಗೆ ಮಾಡಿಸಿದೆ. ಸಮರೂಪ ತ್ರಿಕೋನ ಈ ವರ್ಷದ ಪಾಠದಲ್ಲಿ ಇಲ್ಲ, ಆದರೂ ಮಾಡಿಸಿದೆ. ಒಬ್ಬಳಿಗೆ 232 ಬಂತು, ಒಬ್ಬನಿಗೆ 2350.

ಮಿರರ್‌ಲೆಸ್ ಬಗ್ಗೆ ಯಾರೂ ಹೇಳಲಿಲ್ಲ. ಅದು ಹೊಸ ತಂತ್ರ ಅಂತಾರಲ್ಲ?

ದುರ್ಗದಬೈಲ್ ಸ್ಟುಡಿಯೋ

ಒಳ್ಳೆಯದೇ. ಕ್ಯಾನನ್ ಆರ್50, ನಿಕಾನ್ ಝಡ್30 ಎರಡೂ ಹಗುರ, ಫೋಕಸ್ ಚುರುಕು. ನಾನೂ ಈಗ ಮದುವೆಗೆ ಮಿರರ್‌ಲೆಸ್ಸೇ ಹಿಡಿಯುತ್ತೇನೆ. ಆದರೆ ಬಾಡಿ, ಜೂಮ್ ಲೆನ್ಸು ಎರಡೂ ಸೇರಿದರೆ ನಿಮ್ಮ 30 ಸಾವಿರಕ್ಕೆ ಕೂಡುವುದಿಲ್ಲ. ಬಿಡಿ.

ನಿಕಾನ್ ಡಿಎಸ್‌ಎಲ್‌ಆರ್ ಯಾರಾದರೂ ತೋರಿಸಿದರೆ ಒಂದು ಎಚ್ಚರ. ಡಿ3500, ಡಿ5300ರಂಥ ಬಾಡಿಯೊಳಗೆ ಫೋಕಸ್ ಮೋಟರ್ ಇರುವುದಿಲ್ಲ. ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸು ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಬರೆದಿರಬೇಕು.

ಗದಗ ಬೆಟಗೇರಿ ಹುಡುಗ

9 ಪಿಕ್ಸೆಲ್ ಅಂತ ಗೊತ್ತಿರಲಿಲ್ಲ ರೀ. ಮೊಬೈಲ್ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದಾದರೆ ನನ್ನ ಕತೆ ಕೇಳಿ. ಹೋದ ವರ್ಷ ಒಂದು ಅಂಗಡಿಯಲ್ಲಿ ಹಳೆಯ ಡಿಎಸ್‌ಎಲ್‌ಆರ್ ಕೊಂಡೆ. 17 ಸಾವಿರ. ಅಪ್ಪ ಮೆಣಸಿನಕಾಯಿ ಮಾರಿ ಬಂದ ದುಡ್ಡಿನಲ್ಲಿ ಕೊಟ್ಟಿದ್ದರು. ಅಂಗಡಿಯಲ್ಲಿ ಲೈಟ್ ಕೆಳಗೆ ಎಲ್ಲ ಚೆನ್ನಾಗಿ ಕಂಡಿತು. ಮನೆಗೆ ಬಂದು ವಾರದ ಮೇಲೆ ಬಿಸಿಲಿಗೆ ಹಿಡಿದರೆ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಜು. ಚಿತ್ರ ಎಲ್ಲ ಮಂಜು ಮಂಜು. ಬಿಲ್ಲು ಬೇಕಾದರೆ ಬೆಲೆ ಜಾಸ್ತಿ ಆಗುತ್ತದೆ ಅಂದಿದ್ದರು, ನಾನು ಬೇಡ ಅಂದಿದ್ದೆ. ವಾಪಸ್ ಹೋದರೆ "ನಮ್ಮಲ್ಲಿ ತಗೊಂಡಿದ್ದು ಅಂತ ಏನು ಗ್ಯಾರಂಟಿ" ಅಂದರು. ಅಪ್ಪನಿಗೆ ಇನ್ನೂ ಹೇಳಿಲ್ಲ.

ಕೆಲಗೇರಿ ದಂಡೆ

ತಮ್ಮಾ, ಅಪ್ಪನಿಗೆ ಹೇಳಿಬಿಡು. ಬೈಯ್ಯುತ್ತಾರೆ, ಆಮೇಲೆ ಮನಸ್ಸು ಹಗುರ ಆಗುತ್ತದೆ. ಲೆನ್ಸು ಬಿಚ್ಚಿ ತೊಳೆಯುವವರು ಇದ್ದಾರೆ. ಬೂಜು ಗಾಜಿನ ಲೇಪ ತಿನ್ನುವ ಮೊದಲು ತೆಗೆಸಿದರೆ ಬಹಳ ಸಲ ಸರಿ ಹೋಗುತ್ತದೆ. ತೊಳೆಸುವ ಖರ್ಚು ಮೊದಲೇ ಕೇಳಿಕೋ. ಕ್ಯಾಮೆರಾ ಜತೆಗೇ ಬರುವ ಕಿಟ್ ಲೆನ್ಸಾದರೆ ಇನ್ನೊಂದು ಹಳೆಯದು ಕೊಳ್ಳುವುದೇ ಅಗ್ಗ ಬೀಳಬಹುದು. ಅಲ್ಲಿಯ ತನಕ ಅದನ್ನು ಬೇರೆ ಲೆನ್ಸಿನ ಜತೆ ಒಂದೇ ಚೀಲದಲ್ಲಿ ಇಡಬೇಡ.

ಬೂಜು ಬರುವುದು ತೇವದಿಂದ. ಮಳೆಗಾಲದಲ್ಲಿ ಧಾರವಾಡದ ಜಿಟಿಜಿಟಿ ಮಳೆ ವಾರಗಟ್ಟಲೆ ಬಿಡುವುದಿಲ್ಲ. ಕ್ಯಾಮೆರಾವನ್ನು ಅದರ ಚರ್ಮದ ಚೀಲದಲ್ಲೇ ಹಾಕಿ ಕಪಾಟಿನಲ್ಲಿ ಇಟ್ಟು ಮರೆತರೆ ಮುಗಿಯಿತು. ನಾನು ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಬಣ್ಣ ಬದಲಾಗುವ ಹರಳು ತಂದರೆ ತೇವ ತುಂಬಿದ್ದು ಗೊತ್ತಾಗುತ್ತದೆ. ಮತ್ತೆ ಬಿಸಿ ಮಾಡಿ ಒಣಗಿಸಿ ಬಳಸಬಹುದು.

ದುರ್ಗದಬೈಲ್ ಸ್ಟುಡಿಯೋ

ಹುಡುಗನ ಕತೆ ಓದಿ ಸಂಕಟ ಆಯಿತು. ನಮ್ಮ ಕಸುಬಿನವರೇ ಹೀಗೆ ಮಾಡಿದರೆ ಹೇಗೆ? ಟೀಚರ್, ಹಳೆಯದು ಕೊಳ್ಳುವಾಗ ನಾನು ನೋಡುವುದನ್ನು ಹೇಳುತ್ತೇನೆ.

ಮೊಬೈಲ್ ಟಾರ್ಚ್ ಹಚ್ಚಿ ಲೆನ್ಸಿನ ಒಂದು ಬದಿಯಿಂದ ಬೆಳಕು ಬಿಡಿ, ಇನ್ನೊಂದು ಬದಿಯಿಂದ ನೋಡಿ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ. ಬಲೆಯಂತೆ ಕವಲೊಡೆದ ಗೆರೆ ಕಂಡರೆ ಅದು ಬೂಜು, ಬಿಟ್ಟು ಬನ್ನಿ. ಪಿ900ರಲ್ಲಿ ಲೆನ್ಸು ಬಿಚ್ಚಲು ಬರುವುದಿಲ್ಲವಲ್ಲ, ಪೂರ್ತಿ ಜೂಮ್ ಹೊರಗೆ ಬರಿಸಿ ಮುಂದಿನಿಂದಲೇ ಟಾರ್ಚ್ ಬಿಟ್ಟು ನೋಡಿ. ಜೂಮ್ ಹೋಗಿ ಬರುವಾಗ ಕರಕರ ಸದ್ದು ಬಂದರೆ, ನಡುವೆ ತಡೆದರೆ, ಬೇಡ. ಒಳಗೆ ಮರಳು ಹೋಗಿರುತ್ತದೆ. ಪೂರ್ತಿ ಜೂಮಿನಲ್ಲಿ ದೂರದ ಬೋರ್ಡ್ ಒಂದನ್ನು ಹತ್ತು ಸಲ ತೆಗೆಯಿರಿ. ಹತ್ತರಲ್ಲಿ ಎಂಟಾದರೂ ಚೊಕ್ಕ ಬರಬೇಕು. ಇಲ್ಲದಿದ್ದರೆ ಅಲುಗಾಟ ತಡೆಯುವ ಭಾಗ ಕೆಟ್ಟಿದೆ ಅಂತ ಅನುಮಾನ ಪಡಿ.

ಡಿಎಸ್‌ಎಲ್‌ಆರ್ ಆದರೆ ಎಫ್ 16 ಇಟ್ಟು ಬಿಳಿ ಗೋಡೆ ತೆಗೆಯಿರಿ. ಸೆನ್ಸರ್ ಧೂಳು ಅಲ್ಲೇ ಕಾಣುತ್ತದೆ. ಶಟರ್, ಅಂದರೆ ಬೆಳಕು ಬಿಡುವ ಪರದೆ, ಎಷ್ಟು ಸಲ ಬಿದ್ದಿದೆ ಅಂತಲೂ ಕೇಳಿ. ಮದುವೆಯವರ ಕೈಯಲ್ಲಿದ್ದ ಬಾಡಿ ಒಂದೇ ಸೀಸನ್ನಿನಲ್ಲಿ ಐವತ್ತು ಸಾವಿರ ಹೊಡೆದಿರುತ್ತದೆ. ನನ್ನದೇ ಹೊಡೆದಿದೆ.

ಬಾಡಿಯ ಸೀರಿಯಲ್ ನಂಬರ್, ಬಿಲ್ಲು, ಡಬ್ಬಿ ಮೂರೂ ಒಂದೇ ಇರಬೇಕು. ಬಿಲ್ಲು ಇಲ್ಲ ಅಂದರೆ ಅಗ್ಗ ಅಂತ ಮರುಳಾಗಬೇಡಿ. ಕದ್ದ ಮಾಲು ಇರಬಹುದು. ಶಾಲೆಯ ಹೆಸರಿಗೆ ಅಂಥದ್ದು ಬೇಡ.

ಲಕ್ಷ್ಮೇಶ್ವರದ ಟೀಚರ್

ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಆದರೆ ಲಕ್ಕುಂಡಿ ಚಿಂತೆ ಹೋಗಿಲ್ಲ. ಪಿ900 ತಗೊಂಡರೆ ಗುಡಿಯೊಳಗೆ ಏನು ಮಾಡುವುದು? ಅಲ್ಲಿ ಟ್ರೈಪಾಡ್ ನಿಲ್ಲಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು.

ಕೆಲಗೇರಿ ದಂಡೆ

ಟ್ರೈಪಾಡ್ ಬೇಡ. ಒಂದು ಬಟ್ಟೆ ಚೀಲ ಹೊಲಿಸಿ. ಅದರಲ್ಲಿ ಎರಡು ಕಿಲೋ ಜೋಳ ತುಂಬಿ ಬಾಯಿ ಹೊಲಿಯಿರಿ. ನೆಲದ ಮೇಲೋ ನಿಮ್ಮ ಬ್ಯಾಗಿನ ಮೇಲೋ ಚೀಲ ಇಟ್ಟು ಅದರ ಮೇಲೆ ಕ್ಯಾಮೆರಾ ಒತ್ತಿ ಕೂರಿಸಿ. ಕೆತ್ತನೆಯ ಕಲ್ಲಿನ ಮೇಲೆ ಮಾತ್ರ ಇಡಬೇಡಿ. ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಚುರುಕಿನ ಅಂಕಿ) 100, ಎರಡು ಸೆಕೆಂಡ್ ಟೈಮರ್. ಬಟನ್ ಒತ್ತಿ ಕೈ ತೆಗೆಯಿರಿ. ಕಲ್ಲಿನ ಕಂಬ ಎಲ್ಲಿಗೂ ಹೋಗುವುದಿಲ್ಲ. ಅರ್ಧ ಸೆಕೆಂಡ್, ಒಂದು ಸೆಕೆಂಡ್ ಶಟರ್ ತೆರೆದಿಟ್ಟರೂ ನಡೆಯುತ್ತದೆ. ಸಣ್ಣ ಲೋಟವಾದರೂ ಜಾಸ್ತಿ ಹೊತ್ತು ಮಳೆಗೆ ಇಟ್ಟರೆ ತುಂಬುತ್ತದೆ, ಅಲ್ವಾ ಸ್ಟುಡಿಯೋದವರೇ? ಜೂಮ್ ಮಾಡದೆ 24ರಲ್ಲಿ ಇಟ್ಟರೆ ಪಿ900 ಎಫ್ 2.8 ಕೊಡುತ್ತದೆ, ಅದೇನು ಕಡಿಮೆ ಅಲ್ಲ.

ಡಂಬಳದ ದೊಡ್ಡಬಸಪ್ಪ ಗುಡಿಗಂತೂ ಹೊರಗಿನ ಗೋಡೆಯೇ ಚಂದ. ನಕ್ಷತ್ರದ ಆಕಾರದಲ್ಲಿ 24 ಮೂಲೆ. ಬೆಳಿಗ್ಗೆ ಓರೆ ಬಿಸಿಲು ಬಿದ್ದಾಗ ಒಂದೊಂದು ಮೂಲೆಗೂ ಒಂದೊಂದು ನೆರಳು. ಅದಕ್ಕೆ ಯಾವ ಕ್ಯಾಮೆರಾ ಆದರೂ ಸಾಕು, ಹೊತ್ತು ಮಾತ್ರ ಸರಿ ಇರಬೇಕು.

ದುರ್ಗದಬೈಲ್ ಸ್ಟುಡಿಯೋ

ಜೋಳದ ಚೀಲ ಒಪ್ಪಿದೆ. ಆದರೂ ನನ್ನ ಮನಸ್ಸು ಡಿಎಸ್‌ಎಲ್‌ಆರ್ ಕಡೆಗೇ. ಮಕ್ಕಳು ಕಲಿಯುವುದಕ್ಕೆ ಅದು ಒಳ್ಳೆಯದು. ಕಣ್ಣಿಟ್ಟು ನೋಡಿ, ಲೆನ್ಸು ತಿರುಗಿಸಿ, ಬೆಳಕು ಅಳೆದು ತೆಗೆದರೆ ಬೇರೆಯೇ ರುಚಿ. ನಾನು ಕಲಿತದ್ದು ಹಾಗೆ.

ರಾಣೆಬೆನ್ನೂರು ಕಡೆಯವ

ಸುಮ್ನೆ ಬರೆದಾಡುವುದಕ್ಕಿಂತ ಎರಡನ್ನೂ ಕೆರೆಗೇ ಒಯ್ದು ನೋಡೋಣ. ಈ ಭಾನುವಾರ ನಾನು ನನ್ನ ಕ್ಯಾನನ್ ತರುತ್ತೇನೆ. ಕಾಕಾ ಪಿ900 ತರಲಿ. ಟೀಚರ್ ನಾಲ್ಕು ಮಕ್ಕಳನ್ನು ಕರೆದುಕೊಂಡು ಬರಲಿ. ಗದಗಿನಿಂದ ಸುಮಾರು 26 ಕಿಲೋಮೀಟರ್ ಅಷ್ಟೇ, ಆ ಹುಡುಗನೂ ಬರಲಿ.

ಲಕ್ಷ್ಮೇಶ್ವರದ ಟೀಚರ್

*(ಭಾನುವಾರ ರಾತ್ರಿ)*

ಹೋಗಿ ಬಂದೆವು. ಆರು ಮಕ್ಕಳು ಬಂದಿದ್ದರು. ಮೊದಲು ಕ್ಯಾನನ್ ಕೊಟ್ಟೆವು. ಒಂದು ಹಿಂಡು ಎದ್ದು ಸಾಲಾಗಿ ಹಾರಿತು. ಸೆಕೆಂಡಿನ 1/1000 ಶಟರ್ ಇಟ್ಟು ಒಂದು ಹುಡುಗಿ ತೆಗೆದ ಚಿತ್ರ ಎಷ್ಟು ಚಂದ ಬಂತು ಗೊತ್ತಾ, ರೆಕ್ಕೆಯ ತುದಿ ಕಪ್ಪು ಕೂಡ ಕಾಣುತ್ತದೆ. ಸ್ಟುಡಿಯೋದವರು ಹೇಳಿದ ರುಚಿ ಅಂದರೆ ಏನು ಅಂತ ನನಗೂ ತಿಳಿಯಿತು.

ಆಮೇಲೆ ಕಾಕಾರ ಪಿ900. ಪೂರ್ತಿ ಜೂಮ್ ಹಾಕಿದರೆ ಮೊದಲು ಹಕ್ಕಿಯೇ ಸಿಗಲಿಲ್ಲ. ಬರೀ ನೀರು, ಬರೀ ಆಕಾಶ. ಕಾಕಾ ಲೆನ್ಸಿನ ಪಕ್ಕದ ಒಂದು ಬಟನ್ ತೋರಿಸಿದರು. ಒತ್ತಿದರೆ ಜೂಮ್ ಸ್ವಲ್ಪ ಹಿಂದೆ ಬರುತ್ತದೆ, ಹಕ್ಕಿ ಸಿಗುತ್ತದೆ, ಬಿಟ್ಟರೆ ಮತ್ತೆ ಮುಂದೆ ಹೋಗುತ್ತದೆ. ಮಕ್ಕಳು ಎರಡೇ ನಿಮಿಷದಲ್ಲಿ ಕಲಿತರು. ಆ ಸ್ಕ್ರೀನಿನಲ್ಲಿ ಹೆಬ್ಬಾತಿನ ತಲೆ ಚೊಕ್ಕ ಕಂಡಿತು. ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು, ಕಣ್ಣು. ಕಲ್ಲು ಅಂದಿದ್ದ ಹುಡುಗ ಅವತ್ತು ಕ್ಯಾಮೆರಾ ಬಿಟ್ಟುಕೊಡಲೇ ಇಲ್ಲ.

ನಾನು ಪಿ900 ಹುಡುಕುತ್ತೇನೆ. ಸ್ಟುಡಿಯೋ ಅಣ್ಣನವರು ಬೇಸರ ಮಾಡಿಕೊಳ್ಳಬಾರದು.

ದುರ್ಗದಬೈಲ್ ಸ್ಟುಡಿಯೋ

ಬೇಸರ ಏನೂ ಇಲ್ಲ ಟೀಚರ್. ಆ ಹುಡುಗಿ ತೆಗೆದ ಹಾರುವ ಹಿಂಡಿನ ಚಿತ್ರ ಕಳಿಸಿ. 12 ಇಂಟು 18 ಪ್ರಿಂಟ್ ಹಾಕಿ, ಫ್ರೇಮ್ ಮಾಡಿ ಶಾಲೆಗೆ ಕೊಡುತ್ತೇನೆ. ದುಡ್ಡು ಬೇಡ.

ಲಕ್ಷ್ಮೇಶ್ವರದ ಟೀಚರ್

*(ಮೂರು ವಾರದ ಮೇಲೆ)*

ಸಿಕ್ಕಿತು. ಹುಬ್ಬಳ್ಳಿ ವಿದ್ಯಾನಗರದ ಒಬ್ಬ ಹಿರಿಯರದು. ಬಿಲ್ಲು, ಡಬ್ಬಿ ಎಲ್ಲ ಇತ್ತು. 25,500ಕ್ಕೆ ಕೊಟ್ಟರು. ಟಾರ್ಚ್ ಬಿಟ್ಟು ನೋಡಿದೆ, ಬೋರ್ಡ್ ಹತ್ತು ಸಲ ತೆಗೆದೆ, ಒಂಬತ್ತು ಚೊಕ್ಕ ಬಂದವು. ಉಳಿದದ್ದರಲ್ಲಿ ಇನ್ನೊಂದು ಬ್ಯಾಟರಿ, 32 ಜಿಬಿ ಕಾರ್ಡು, ಗಟ್ಟಿ ಡಬ್ಬಿ, ಸಿಲಿಕಾ ಜೆಲ್. ಚೀಲವನ್ನು ಮಕ್ಕಳೇ ಹೊಲಿದು ಮನೆಯಿಂದ ಜೋಳ ತಂದು ತುಂಬಿದರು.

ಇವತ್ತು ಕೆರೆಗೆ ಹೋಗಿದ್ದೆವು. ಕೊರಳಪಟ್ಟಿ ಇರುವ ಒಂದು ಹಕ್ಕಿ ಸಿಕ್ಕಿತು! ಆದರೆ ಓದಲು ಆಗಲಿಲ್ಲ. ನಲವತ್ತು ಚಿತ್ರ ತೆಗೆದೆವು. ಎಲ್ಲದರಲ್ಲೂ ಅಕ್ಷರ ನೀರಿನೊಳಗೆ ಅಲುಗಾಡಿದಂತೆ ಕಾಣುತ್ತದೆ. ಕ್ಯಾಮೆರಾ ಕೆಟ್ಟಿದೆಯಾ ಅಂತ ಜೀವ ಬಾಯಿಗೆ ಬಂತು.

ಕೆಲಗೇರಿ ದಂಡೆ

ಎಷ್ಟು ಹೊತ್ತಿಗೆ ಹೋಗಿದ್ದಿರಿ?

ಲಕ್ಷ್ಮೇಶ್ವರದ ಟೀಚರ್

ಹನ್ನೊಂದೂವರೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ.

ಕೆಲಗೇರಿ ದಂಡೆ

ಹಾಗಾದರೆ ಕ್ಯಾಮೆರಾ ಚೆನ್ನಾಗಿಯೇ ಇದೆ. ಅದು ಬಿಸಿಲ ಝಳ. ನೆಲ ಕಾದಾಗ ಬಿಸಿ ಗಾಳಿ ಮೇಲೆ ಏಳುತ್ತದೆ. ಅದರ ಮೂಲಕ ಬರುವ ಬೆಳಕು ಬಾಗಿ ಬಾಗಿ ಬರುತ್ತದೆ. ಒಲೆಯ ಮೇಲಿನ ಗಾಳಿಯಲ್ಲಿ ಆಚೆಯ ಗೋಡೆ ಕುಣಿಯುತ್ತದಲ್ಲ, ಅದೇ. ಜೂಮ್ ಹೆಚ್ಚಾದಷ್ಟು ಝಳವೂ ಹೆಚ್ಚು ಕಾಣುತ್ತದೆ. ಲಕ್ಷ ರೂಪಾಯಿ ಲೆನ್ಸಿಗೂ ಇದೇ ಗತಿ. ಅವತ್ತು ಭಾನುವಾರ ನಾವು ಎಂಟು ಗಂಟೆಗೇ ಇದ್ದೆವು, ನೆನಪಿದೆಯಾ? ಬೆಳಿಗ್ಗೆ ಹೋಗಿ, ಸೂರ್ಯ ಬೆನ್ನಿಗಿರುವಂತೆ ನಿಲ್ಲಿ. ಅಥವಾ ಹಕ್ಕಿ ಹತ್ತಿರ ಸಿಗುವ ಜಾಗ ಹುಡುಕಬೇಕು.

ಲಕ್ಷ್ಮೇಶ್ವರದ ಟೀಚರ್

ಕಾಕಾರ ಉತ್ತರವನ್ನು ಇವತ್ತು ಮಕ್ಕಳಿಗೆ ಓದಿ ಹೇಳಿದೆ. ಹತ್ತಿರ ಸಿಗುವ ಜಾಗ ಅಂದ ಕೂಡಲೇ ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತಳು. "ಟೀಚರ್, ನಮ್ಮ ಕಡಲೆ ಹೊಲಕ್ಕೆ ದಿನಾ ನಸುಕಿನಲ್ಲಿ ಬರ್ತಾವ್ರಿ. ಅಪ್ಪ ಬದುವಿನ ಮೇಲೆ ಕೂತು ಕಾಯ್ತಾನೆ. ಬೇವಿನ ಗಿಡದಿಂದ ಇಲ್ಲಿಂದ ನಮ್ಮ ಶಾಲೆ ಗೇಟಿನಷ್ಟು ದೂರ ಅಷ್ಟೇ" ಅಂದಳು. ಹೋಗಿ ಅಳೆದೆ. ನಮ್ಮ ತರಗತಿಯಿಂದ ಗೇಟಿಗೆ 45 ಮೀಟರ್.

ಇಷ್ಟು ದಿನ ಅವಳು ಹೇಳಿರಲಿಲ್ಲ. ಬೆಳೆ ತಿನ್ನುವ ಹಕ್ಕಿ ಅಂತ ಮನೆಯಲ್ಲಿ ಬೈಯ್ಯುತ್ತಾರೆ, ಶಾಲೆಯಲ್ಲಿ ಹೇಳಿದರೆ ಏನು ಅಂದುಕೊಳ್ಳುತ್ತಾರೋ ಅಂತ ಸುಮ್ಮನಿದ್ದಳಂತೆ. ಅವರ ಅಪ್ಪನ ಹತ್ತಿರ ಮಾತಾಡಿದೆ. ಬನ್ನಿ, ಗಿಡದ ಮರೆಯಲ್ಲಿ ಕೂತುಕೊಳ್ಳಿ, ಅವತ್ತು ನಾನು ಓಡಿಸುವುದಿಲ್ಲ ಅಂದರು.

ಕೆಲಗೇರಿ ದಂಡೆ

ಬೆಳಕು ಹರಿಯುವ ಮೊದಲೇ ಹೋಗಿ ಕೂತಿರಿ. ಹಕ್ಕಿ ಇಳಿದ ಮೇಲೆ ಯಾರೂ ಏಳಬಾರದು. ಕತ್ತು ಎತ್ತಿ ನಿಮ್ಮ ಕಡೆ ನೋಡಿದರೆ ಹಾಗೇ ಕಲ್ಲಿನಂತೆ ಇರಿ. ಆ ಹೊತ್ತಿಗೆ ಬೆಳಕು ಕಡಿಮೆ, ಐಎಸ್‌ಒ 400ಕ್ಕೆ ಏರಿಸಿ. 45 ಮೀಟರಿಗೆ ಪೂರ್ತಿ ಜೂಮ್ ಬೇಡ, ಅರ್ಧ ಸಾಕು. ನಾನೂ ಬರಲಾ?

ಲಕ್ಷ್ಮೇಶ್ವರದ ಟೀಚರ್

ಬನ್ನಿ ಕಾಕಾ. ಭಾನುವಾರ ಐದೂವರೆಗೆ ನಮ್ಮ ಶಾಲೆ ಗೇಟಿನ ಹತ್ತಿರ. ಅವರ ಮನೆಯಲ್ಲಿ ರೊಟ್ಟಿ, ಹಿಂಡಿ ಪಲ್ಯ ಮಾಡುತ್ತಾರಂತೆ. ಮೊದಲ ಚಿತ್ರ ಆ ಹುಡುಗಿಯೇ ತೆಗೆಯುತ್ತಾಳೆ.